ನರವೂ ನುಡಿಯೂ

(ರಾಜ್ಯೋತ್ಸವದ ಅಂಗವಾಗಿ ಸಂಘದಲ್ಲಿ ಏರ್ಪಡಿಸಿದ್ದ ಉಪನ್ಯಾಸದ ಪಾಠ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಗಳ ಮಾತು ಕೇಳಿಬರುವುದು ವಾಡಿಕೆ. ಅಂಥ ಕಡೆ ನಿಂತು ಮನುಷ್ಯನ ನರಮಂಡಲದ ರಚನೆ, ಅದರ ಕಾರ್ಯ ಎಂದು ಮಾತನಾಡಹೊರಟಿರುವ ನಮ್ಮನ್ನು ಕಂಡು, ಇವರಾರೋ ತರಗತಿಯ ದಾರಿ ತಪ್ಪಿ ಇಲ್ಲಿಗೆ ಬಂದ ಮೇಷ್ಟರು ಎಂದು ತಮಗೆ ತೋರಿದರೆ ಅದು ತಮ್ಮ ತಪ್ಪಲ್ಲ. ಈ ಊರಿನ ಹುಡುಗರಿಗೆ ಬಹುಕಾಲ ಇಂಗ್ಲಿಷಿನಲ್ಲಿ ಶರೀರಶಾಸ್ತ್ರದ ಪಾಠ ಹೇಳಿದವರು ನಾವು. ಅದನ್ನು ಕನ್ನಡದಲ್ಲಿ ಹೇಳುತ್ತಿರುವುದು ಇದೇ ಮೊದಲು. ಕಾರ್ಯದರ್ಶಿಗಳು ಬೇರೆ ವಿಷಯ ಸೂಚಿಸಿದ್ದರು; ಇದನ್ನು ನಾವೇ ಕೇಳಿ ತೆಗೆದುಕೊಂಡೆವು. ಏಕೆಂಬುದನ್ನು ಮುಂದೆ ಅರಿಕೆ ಮಾಡುತ್ತೇವೆ.

ಮೊದಲು ನಮ್ಮ ಮಾತಿನಲ್ಲಿಯೇ ಇರುವ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದ ಮನೆಗಳಲ್ಲಿ "ನರ" ಎಂಬ ಒಂದೇ ಪದಕ್ಕೆ ಮೂರು ನಾಲ್ಕು ಚಾಕರಿ. ಮುಂಗೈಯ ಮೇಲೆ ಹಸಿರಾಗಿ ಉಬ್ಬಿ ಕಾಣುವುದು ನರ. ವಾಸ್ತವವಾಗಿ ಅದು ರಕ್ತನಾಳ. ಹಿಮ್ಮಡಿಯ ಮೇಲೆ ಹಗ್ಗದಂತೆ ಬಿಗಿದಿರುವುದೂ ನರ. ಅದು ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ರಜ್ಜು. ಬೆಳಿಗ್ಗೆ ಎದ್ದಾಗ ಕತ್ತು ಹೊರಳದಿದ್ದರೆ "ನರ ಹಿಡಿದಿದೆ" ಎನ್ನುತ್ತೇವೆ; ಹಿಡಿದಿರುವುದು ಹೆಚ್ಚಾಗಿ ಮಾಂಸಖಂಡ. ಇಷ್ಟೆಲ್ಲವನ್ನೂ ಹೊತ್ತ ಆ ಪದಕ್ಕೆ ತನ್ನ ಸ್ವಂತದ ಅರ್ಥವೇ ಮರೆತುಹೋಗಿದೆ. ನಿಜವಾದ ನರವನ್ನು ಮುಟ್ಟಿ ನೋಡಬೇಕೆಂದರೆ ತಾವು ಕುಳಿತಲ್ಲಿಯೇ ನೋಡಬಹುದು. ಮೊಣಕೈಯನ್ನು ಮಡಿಸಿ, ಒಳಮಗ್ಗುಲಿನ ಮೂಳೆಯ ಗುಬಟಿನ ಹಿಂದಿರುವ ತಗ್ಗಿನಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿರಿ. ಕಿರುಬೆರಳಿನ ತುದಿಯವರೆಗೆ ಝುಮ್ಮೆನ್ನುವುದಷ್ಟೆ? ಒತ್ತಿದ್ದು ಮೊಣಕೈಯಲ್ಲಿ, ಝುಮ್ಮೆಂದದ್ದು ಬೆರಳಿನಲ್ಲಿ. ಕಿರುಬೆರಳಿಗೆ ಏನೂ ಆಗಿಲ್ಲ. ಅಲ್ಲಿಂದ ಮೇಲಕ್ಕೆ ಹೋಗುವ ತಂತಿಯನ್ನು ನಡುದಾರಿಯಲ್ಲಿ ಮೀಟಿದ್ದೇವೆ. ಮಿದುಳು ಅದನ್ನು ಬೆರಳಿನ ಸುದ್ದಿಯೆಂದೇ ಓದಿಕೊಂಡಿತು. ನೋವು ಕಾಣಿಸುವ ಸ್ಥಳವೂ ತೊಂದರೆ ಇರುವ ಸ್ಥಳವೂ ಒಂದೇ ಆಗಿರಬೇಕಾಗಿಲ್ಲ. ಇದನ್ನು ನೆನಪಿನಲ್ಲಿಡಬೇಕೆಂದು ಬೇಡಿಕೊಳ್ಳುತ್ತೇವೆ. ಮುಂದೆ ಇದರಿಂದ ಕೆಲಸವಿದೆ.

ಇಂಥ ನರಗಳು ಬೆನ್ನುಹುರಿಯಿಂದ ೩೧ ಜೊತೆ ಹೊರಡುತ್ತವೆ. ತಲೆಯಿಂದ ನೇರವಾಗಿ ಹೊರಡತಕ್ಕವು ೧೨ ಜೊತೆ. ಕಣ್ಣು, ಕಿವಿ, ಮೂಗು, ನಾಲಗೆ, ಮುಖಗಳ ಆಡಳಿತ ಇವುಗಳದು. ಬೆನ್ನುಹುರಿಯೆಂಬುದು ಕಿರುಬೆರಳಿನಷ್ಟು ದಪ್ಪದ, ಸುಮಾರು ೪೫ ಸೆಂಟಿಮೀಟರ್ ಉದ್ದದ ಹುರಿ. ಬೆನ್ನೆಲುಬಿನ ಉದ್ದಕ್ಕೂ ಅದು ಇಳಿದಿರುವುದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಸೊಂಟದ ಮೇಲ್ಭಾಗಕ್ಕೇ ಮುಗಿದು ಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಒಂದು ಕುಚ್ಚು ಮಾತ್ರ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುವ ವೈದ್ಯರು ಅಷ್ಟು ಧೈರ್ಯವಾಗಿ ಹಾಕುವುದು ಆ ಕೆಳಭಾಗದಲ್ಲಿ.

ಒಂದು ನರದ ಒಳಗೆ ಸಾವಿರಾರು ಎಳೆಗಳು. ಒಂದೊಂದು ಎಳೆಯೂ ಒಂದು ನರಕೋಶದ ನೀಳವಾದ ಬಾಲ. ಕಾಲಿನ ಹೆಬ್ಬೆರಳನ್ನು ಆಡಿಸುವ ನರಕೋಶದ ಒಡಲು ಬೆನ್ನುಹುರಿಯಲ್ಲಿದೆ, ಬಾಲ ಪಾದದವರೆಗೆ ಬಂದಿದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಕೋಶ ಉದ್ದದಲ್ಲಿ ಒಂದು ಮೀಟರು! ಕೆಲವು ಎಳೆಗಳಿಗೆ ಕೊಬ್ಬಿನಂಶದ ಬಿಳಿಯ ಹೊದಿಕೆಯುಂಟು. ಹೊದಿಕೆಯುಳ್ಳ ದಪ್ಪ ಎಳೆಗಳಲ್ಲಿ ಸುದ್ದಿ ಸೆಕೆಂಡಿಗೆ ೧೨೦ ಮೀಟರಿನವರೆಗೂ ಓಡಬಲ್ಲುದು. ಎಂದರೆ ಗಂಟೆಗೆ ೪೦೦ ಕಿಲೋಮೀಟರಿಗೂ ಮೇಲೆ. ನಾವು ನೀವೆಲ್ಲ ಊರಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಈ ಹೊದಿಕೆಯನ್ನು ಯಾರಾದರೂ ಹಾಕಿಸಬಾರದೇ ಎನಿಸುತ್ತದೆ. ಹೊದಿಕೆಯಿಲ್ಲದ ಸಣ್ಣ ಎಳೆಗಳಲ್ಲಾದರೆ ಸುದ್ದಿ ಮನುಷ್ಯ ನಡೆಯುವ ವೇಗದಲ್ಲಿ, ಸೆಕೆಂಡಿಗೆ ಒಂದು ಮೀಟರಿನಂತೆ, ಬರುತ್ತದೆ. ಹೊಸಿಲು ಎಡವಿದಾಗ ತಗುಲಿದ್ದು ತಕ್ಷಣ ಗೊತ್ತಾಗಿ, "ಅಯ್ಯೋ, ಈಗ ನೋಯುತ್ತದೆ" ಎಂದುಕೊಳ್ಳುವಷ್ಟು ಬಿಡುವು ಸಿಕ್ಕಿ, ಆಮೇಲೆ ಆ ಸುಡುನೋವು ಬರುವುದು ಈ ಕಾರಣದಿಂದ. ಒಂದೇ ಪೆಟ್ಟಿನ ಸುದ್ದಿಯನ್ನು ಎರಡು ಟಪಾಲಿನಲ್ಲಿ ಹಾಕಿದಂತೆ.

ಒಂದು ಕೋಶ ಇನ್ನೊಂದನ್ನು ಮುಟ್ಟಿಕೊಂಡಿರುವುದಿಲ್ಲ. ನಡುವೆ ಒಂದು ಸಂದು. ಕೂದಲೆಳೆಯ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಸುದ್ದಿ ಈ ಸಂದನ್ನು ದಾಟುವುದು ಹೇಗೆಂದು ಬಹಳ ಕಾಲ ಜಗಳವಿತ್ತು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಆಟೋ ಲೋವಿ ಎಂಬ ವಿಜ್ಞಾನಿಗೆ ಇದರ ಉತ್ತರ ಕನಸಿನಲ್ಲಿ ಹೊಳೆಯಿತಂತೆ. ಎದ್ದು ಗೀಚಿಟ್ಟು ಮಲಗಿದರು; ಬೆಳಿಗ್ಗೆ ತಮ್ಮ ಅಕ್ಷರವನ್ನು ತಾವೇ ಓದಲಾರದೆ ಹೋದರು. ಮರುರಾತ್ರಿ ಅದೇ ಕನಸು ಬಂದಿತು. ಈ ಸಲ ಕಾಗದವನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ನಡೆದರು. ಎರಡು ಕಪ್ಪೆಗಳ ಮಿಡಿಯುವ ಹೃದಯಗಳನ್ನು ಬೇರೆ ಬೇರೆ ಇಟ್ಟು, ಒಂದರ ನರವನ್ನು ಕೆಣಕಿ ಅದರ ಮಿಡಿತವನ್ನು ನಿಧಾನಗೊಳಿಸಿ, ಆ ಹೃದಯವನ್ನು ತೋಯಿಸಿದ ದ್ರವವನ್ನು ಇನ್ನೊಂದಕ್ಕೆ ಹಾಕಿದರು. ನರದ ಸಂಪರ್ಕವೇ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು. ಸಂದನ್ನು ದಾಟುತ್ತಿದ್ದುದು ಒಂದು ರಾಸಾಯನಿಕ ದ್ರವ್ಯ! ೧೯೨೧ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ೧೯೩೬ರಲ್ಲಿ ನೊಬೆಲ್ ಬಹುಮಾನ ಬಂದಿತು. ಇಂದು ಮನೋರೋಗಕ್ಕೂ ಕಂಪವಾತಕ್ಕೂ ಕೊಡುವ ಬಹುಪಾಲು ಮಾತ್ರೆಗಳು ಕೆಲಸ ಮಾಡುವುದು ಈ ಸಂದುಗಳಲ್ಲಿಯೇ.

ಇನ್ನು ಮಿದುಳು. ತೂಕ ಸುಮಾರು ೧,೩೦೦ರಿಂದ ೧,೪೦೦ ಗ್ರಾಂ, ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ದೇಹ ವ್ಯಯಮಾಡುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇದಕ್ಕೇ ಬೇಕು. ಇದರಲ್ಲಿರುವ ನರಕೋಶಗಳು ಸುಮಾರು ೮,೬೦೦ ಕೋಟಿ. ಅವುಗಳಲ್ಲಿ ಐದರಲ್ಲಿ ನಾಲ್ಕು ಪಾಲು, ಹಿಂಬದಿಯಲ್ಲಿ ತೂಗುಹಾಕಿದಂತಿರುವ ಕಿರುಮಿದುಳಿನಲ್ಲಿಯೇ ತುಂಬಿಕೊಂಡಿವೆ. ನೆಟ್ಟಗೆ ನಡೆಯುವುದು, ಸೂಜಿಗೆ ದಾರ ಪೋಣಿಸುವುದು, ಇವನ್ನೆಲ್ಲ ತಿದ್ದಿ ತೀಡುವುದು ಅದರ ಕೆಲಸ. ಮಿದುಳಿನ ತಳದಲ್ಲಿ ಬಾದಾಮಿಯಷ್ಟು ಚಿಕ್ಕದಾದ ಒಂದು ಭಾಗವುಂಟು. ಹಸಿವು, ಬಾಯಾರಿಕೆ, ಮೈಯ ಶಾಖ, ನಿದ್ರೆ ಇವುಗಳ ಲೆಕ್ಕಪತ್ರ ಅಲ್ಲಿ. ಇಲಿಗಳಲ್ಲಿ ಹಸಿವಿನ ಕೇಂದ್ರ ಆ ಭಾಗದ ಎಲ್ಲಿದೆಯೆಂದು ೧೯೫೧ರಲ್ಲಿ ತೋರಿಸಿಕೊಟ್ಟವರಲ್ಲಿ ಒಬ್ಬರು ಬಿ. ಕೆ. ಆನಂದ್. ನಮ್ಮ ನಾಡು ಒಂದಾದ ೧೯೫೬ರಲ್ಲಿಯೇ ಈ ಊರಿನಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಆರಂಭವಾಯಿತು. ಅಲ್ಲಿಯ ಶರೀರಕ್ರಿಯಾ ವಿಭಾಗವನ್ನು ಕಟ್ಟಿದವರು ಅವರೇ. ೧೯೬೧ರ ಸುಮಾರಿಗೆ ಅವರೂ ಅವರ ಸಹೋದ್ಯೋಗಿಗಳೂ ಒಬ್ಬ ಯೋಗಿಯನ್ನು ಗಾಳಿಯಾಡದ ಪೆಟ್ಟಿಗೆಯೊಳಗೆ ಕೂಡಿಸಿ ಅಳತೆ ಮಾಡಿ, ಆತ ತನ್ನ ಆಮ್ಲಜನಕದ ಖರ್ಚನ್ನು ಸಾಮಾನ್ಯ ವಿಶ್ರಾಂತಿಯ ಮಟ್ಟಕ್ಕಿಂತಲೂ ಕೆಳಗೆ ಇಳಿಸಬಲ್ಲನೆಂದು ವರದಿ ಮಾಡಿದರು. ಪವಾಡವನ್ನು ಕಂಡು ಕೈಮುಗಿಯುವವರೂ ನಗುವವರೂ ಇರುತ್ತಾರೆ. ಅಳತೆಗೋಲು ತಂದವರು ಇವರು.

ಈಗ ನಮ್ಮ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇವೆ. ಮಿದುಳಿನಿಂದ ಕೆಳಗಿಳಿಯುವ ಆಜ್ಞೆಯ ತಂತುಗಳು, ತಲೆ ಮುಗಿದು ಕತ್ತು ಆರಂಭವಾಗುವ ಎಡೆಯಲ್ಲಿ, ಬಹುಪಾಲು ಎಡದವು ಬಲಕ್ಕೂ ಬಲದವು ಎಡಕ್ಕೂ ದಾಟಿಕೊಳ್ಳುತ್ತವೆ. ರಾಜೀವ ಚೌಕದಲ್ಲಿ ಹಳದಿ, ನೀಲಿ ಮಾರ್ಗಗಳು ಒಂದನ್ನೊಂದು ದಾಟುವಂತೆ. ಆದುದರಿಂದ ಬಲಗೈಯನ್ನು ಆಡಿಸುವುದು ಎಡಮಿದುಳು. ಇನ್ನು ಮಾತು. ೧೮೬೧ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಕೇಳಿದ್ದು ಆತನಿಗೆ ತಿಳಿಯುತ್ತಿತ್ತು, ಹೇಳಲು ಮಾತ್ರ "ತಾನ್" ಎಂಬ ಒಂದೇ ಸದ್ದು. ಆತ ತೀರಿಕೊಂಡ ಮೇಲೆ ಮಿದುಳನ್ನು ನೋಡಿದರೆ, ಎಡಭಾಗದ ಮುಂದಿನ ಒಂದು ಜಾಗ ಕೊಳೆತಿತ್ತು. ೧೮೭೪ರಲ್ಲಿ ಜರ್ಮನಿಯ ವೆರ್ನಿಕೆ ಎಡಭಾಗದಲ್ಲಿಯೇ ಇನ್ನಷ್ಟು ಹಿಂದಿನ ಒಂದು ಜಾಗವನ್ನು ತೋರಿಸಿದರು. ಅಲ್ಲಿ ಕೆಟ್ಟರೆ ರೋಗಿ ಸರಾಗವಾಗಿ ಮಾತನಾಡುತ್ತಾನೆ, ಆದರೆ ಅರ್ಥವಿರುವುದಿಲ್ಲ. ಇತರರ ಮಾತೂ ತಿಳಿಯುವುದಿಲ್ಲ. ಬಲಗೈ ಬಳಸುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ನುಡಿಯ ನೆಲೆ ಎಡಮಿದುಳು. ಬ್ರೋಕಾ ಕಂಡ ಜಾಗದ ಮಗ್ಗುಲಿನಲ್ಲಿಯೇ ಬಲಮುಖವನ್ನೂ ಬಲಗೈಯನ್ನೂ ಆಡಿಸುವ ಪಟ್ಟಿಯಿದೆ. ಈ ಮೂರಕ್ಕೂ ರಕ್ತ ಬರುವುದು ಒಂದೇ ಧಮನಿಯ ಕೊಂಬೆಗಳಿಂದ. ಆ ಧಮನಿ ಕಟ್ಟಿಕೊಂಡಿತೋ, ಬಾಯಿ ಸೊಟ್ಟಗಾಗುತ್ತದೆ, ಬಲಗೈ ಬೀಳುತ್ತದೆ, ಮಾತು ತೊಡರುತ್ತದೆ. ಇದೇ ನಮ್ಮ ಹಳ್ಳಿಗಳಲ್ಲಿ ಲಕ್ವ ಎನ್ನುವುದು, ಪುಸ್ತಕದಲ್ಲಿ ಪಾರ್ಶ್ವವಾಯು.

ಈ ಪಾಠವನ್ನು ನಾವು ವರ್ಷಕ್ಕೊಮ್ಮೆಯಂತೆ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿದವರು.

ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರ್ ರಾತ್ರಿ, ಹತ್ತು ಗಂಟೆಯಿರಬಹುದು, ಕರೋಲ್ ಬಾಗಿನಿಂದ ನಮ್ಮ ಗೆಳೆಯರೊಬ್ಬರ ಮನೆಯವರು ದೂರವಾಣಿ ಮಾಡಿದರು. ಗೆಳೆಯರು ಹಾಸನದ ಕಡೆಯವರು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾಗಿದ್ದವರು. "ಮೇಷ್ಟ್ರೇ, ಇವರ ಬಲಗೈ ಜೋಮು ಹಿಡಿದಿದೆ. ತಟ್ಟೆ ಕೈಯಿಂದ ಜಾರಿಬಿತ್ತು. ಮಾತೂ ಒಂದು ಥರಾ ತೊದಲುತ್ತಿದೆ. ನರ ಏನಾದರೂ ಹಿಡೀತೋ ಏನೋ," ಎಂದರು ಆ ತಾಯಿ. ನಾವು ಆಗಲೇ ಹಾಸಿಗೆ ಸೇರಿದ್ದೆವು. "ಚಳಿಗೆ ಹಾಗಾಗುತ್ತದಮ್ಮ. ಕೈ ಮೇಲೆ ಮಲಗಿಬಿಟ್ಟಿದ್ದರೇನೋ. ಎಣ್ಣೆ ಬಿಸಿ ಮಾಡಿ ತಿಕ್ಕಿ, ಬೆಚ್ಚಗೆ ಮಲಗಿಸಿ. ಬೆಳಿಗ್ಗೆ ಬಂದು ನೋಡುತ್ತೇವೆ," ಎಂದೆವು. ಆಕೆ ನಮ್ಮ ಮಾತನ್ನು ನಂಬಿದರು, ಶರೀರಶಾಸ್ತ್ರದ ಮೇಷ್ಟರಲ್ಲವೇ!

ಕೈಯ ನರವನ್ನು ಎಲ್ಲಿ ಒತ್ತಿದರೂ ನಾಲಗೆ ತೊದಲುವುದಿಲ್ಲ. ಮೊಣಕೈಯನ್ನು ಒತ್ತಿದರೆ ಕಿರುಬೆರಳು ಝುಮ್ಮೆಂದೀತು, ಅಷ್ಟೆ. ಕೈ ಮೇಲೆ ಮಲಗಿ ಹಿಡಿದ ಜೋಮು ಸಾಮಾನ್ಯವಾಗಿ ಕೈ ಕೊಡವಿದ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಬಲಗೈಯೂ ಮಾತೂ ಒಟ್ಟಿಗೆ, ಇದ್ದಕ್ಕಿದ್ದಂತೆ ಕೆಟ್ಟವೆಂದರೆ ಅವೆರಡೂ ಕೂಡುವ ಜಾಗ ದೇಹದಲ್ಲಿ ಇರುವುದು ಮಿದುಳಿನಲ್ಲಿ. ಎರಡನೆಯ ವರ್ಷದ ವಿದ್ಯಾರ್ಥಿ ಇದನ್ನು ತಪ್ಪಿದ್ದರೆ ನಾವು ಅವನಿಗೆ ಸೊನ್ನೆ ಕೊಡುತ್ತಿದ್ದೆವು.

ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದಾಗ ಕೈಯೂ ಕಾಲೂ ಬಿದ್ದಿದ್ದವು, ಮಾತು ನಿಂತಿತ್ತು. ದೊಡ್ಡ ಧಮನಿ ಕಟ್ಟಿಕೊಂಡ ಪಾರ್ಶ್ವವಾಯುವಿನಲ್ಲಿ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಸುಮಾರು ೧೯ ಲಕ್ಷ ನರಕೋಶಗಳು ಸಾಯುತ್ತವೆಂದು ೨೦೦೬ರಲ್ಲಿ ಅಮೆರಿಕದ ವೈದ್ಯರೊಬ್ಬರು ಲೆಕ್ಕ ಹಾಕಿದ್ದಾರೆ. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದೂ ತಲೆಯ ಸಿ.ಟಿ. ಚಿತ್ರ ತೆಗೆದು ಒಳಗೆ ರಕ್ತ ಒಡೆದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ. ತೊಡೆಯ ಧಮನಿಯಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ಏರಿಸಿ ಹೆಪ್ಪನ್ನು ಎಳೆದು ತೆಗೆಯುವ ಕ್ರಮವೂ ಈಗ ಬಂದಿದೆ. ಆಯ್ದ ಕೆಲವರಲ್ಲಿ ಇಪ್ಪತ್ತನಾಲ್ಕು ಗಂಟೆಯವರೆಗೂ ಅದಕ್ಕೆ ಅವಕಾಶವುಂಟು. ನಮ್ಮ ಗೆಳೆಯರಿಗೆ ಎರಡೂ ಒದಗಲಿಲ್ಲ. ಆ ಎಂಟು ಗಂಟೆ ಬಿಸಿ ಎಣ್ಣೆಯಲ್ಲಿ ಹೋಯಿತು.

ಆದ್ದರಿಂದ ಕೇಳಿಕೊಳ್ಳುತ್ತೇವೆ. ಮನೆಯಲ್ಲಿ ಯಾರಿಗಾದರೂ ಹಠಾತ್ತನೆ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎರಡು ಕೈಗಳನ್ನೂ ಮುಂದೆ ಎತ್ತಿ ಹಿಡಿಯಹೇಳಿದಾಗ ಒಂದು ಕೈ ಇಳಿದುಹೋದರೆ, ಮಾತು ತೊದಲಿದರೆ ಅಥವಾ ಸಂಬಂಧವಿಲ್ಲದಂತಾದರೆ, ಇವುಗಳಲ್ಲಿ ಒಂದೇ ಕಂಡರೂ ಗಡಿಯಾರ ನೋಡಿ ವೇಳೆಯನ್ನು ಗುರುತು ಹಾಕಿಕೊಂಡು ೧೧೨ಕ್ಕೆ ದೂರವಾಣಿ ಮಾಡಿ, ಸಿ.ಟಿ. ಯಂತ್ರವಿರುವ ಆಸ್ಪತ್ರೆಗೇ ಹೋಗಬೇಕು. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು. ನುಂಗುವ ಶಕ್ತಿಯೂ ಹೋಗಿರಬಹುದು. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಹೋಗಲೇಬೇಕು. ಅದು ಬರಲಿರುವ ದೊಡ್ಡ ಪೆಟ್ಟಿನ ಮುನ್ಸೂಚನೆಯಾಗಿರಬಹುದು. ಮೇಷ್ಟರನ್ನು ಕೇಳುತ್ತಾ ಕೂರಬೇಡಿ.

ಕಥೆ ಇಷ್ಟಕ್ಕೆ ಮುಗಿಯಲಿಲ್ಲ. ಗೆಳೆಯರನ್ನು ಸೇರಿಸಿದ ಆಸ್ಪತ್ರೆಯಲ್ಲಿ ಅವರನ್ನು ಹಿಂದಿಯಲ್ಲಿ ಪ್ರಶ್ನಿಸಿದರು, ಇಂಗ್ಲಿಷಿನಲ್ಲಿ ಪ್ರಶ್ನಿಸಿದರು. ಪೆನ್ನು ತೋರಿಸಿ ಇದೇನೆಂದರು; ಕಣ್ಣು ಮುಚ್ಚಿ ಎಂದರು. ಅವರು ಸುಮ್ಮನೆ ಮುಖ ನೋಡಿದರು, ಅತ್ತರು. ಮಾತೂ ಗ್ರಹಿಕೆಯೂ ಎರಡೂ ಹೋಗಿವೆ ಎಂದು ದಾಖಲೆಯಾಯಿತು. ಅವರ ಮನೆಯವರು ಮಾತ್ರ "ನಾನು ಹೇಳಿದ್ದು ಇವರಿಗೆ ತಿಳಿಯುತ್ತದೆ" ಎಂದು ಮೊದಲ ದಿನದಿಂದಲೂ ಹೇಳುತ್ತಲೇ ಇದ್ದರು. ಅದು ಹೆಂಡತಿಯ ಆಸೆಯೆಂದು ವೈದ್ಯರು ತಿಳಿದರು. ನಾವೂ ಹಾಗೆಯೇ ತಿಳಿದೆವು. ಒಂಬತ್ತನೆಯ ದಿನ ಊರಿನಿಂದ ಅವರ ಅಕ್ಕ ಬಂದರು. ಎಂಬತ್ತು ದಾಟಿದ ಮುದುಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಂಚದ ಪಕ್ಕ ಕೂತು, "ಏನೋ, ಊಟ ಆಯ್ತೇನೋ?" ಎಂದರು. ಗೆಳೆಯರ ತುಟಿ ಅದುರಿತು. "ಇಲ್ಲ ಕಣಕ್ಕ" ಎಂದರು.

ಪಕ್ಕದಲ್ಲಿ ನಿಂತಿದ್ದ ಕಿರಿಯ ವೈದ್ಯೆ ಉತ್ತರದೇಶದವರು, ಕನ್ನಡದ ಗಂಧವಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಬಂದುದನ್ನು ಕಂಡರು. ಕೂಡಲೇ ಕಾಗದ ತೆಗೆದು, ಎಲ್ಲ ಪ್ರಶ್ನೆಗಳನ್ನೂ ನಮ್ಮಿಂದ ಕನ್ನಡದಲ್ಲಿ ಕೇಳಿಸಿದರು. ಕಣ್ಣು ಮುಚ್ಚಿ ಎಂದರೆ ಮುಚ್ಚಿದರು. ಪೆನ್ನು ತೋರಿಸಿದರೆ ಹೆಸರು ಬರಲಿಲ್ಲ, "ಬರೆಯೋದು" ಎಂದರು. ದಾಖಲೆಯನ್ನು ಅಂದೇ ತಿದ್ದಿ ಬರೆದರು. ಆ ಹುಡುಗಿಗೆ ನಾವು ಋಣಿ.

ಇದನ್ನು ಕೇಳಿ ಎದೆಯುಬ್ಬಿಸಿಕೊಳ್ಳುವ ಮುನ್ನ ಸ್ವಲ್ಪ ತಾಳಬೇಕು. ರಾಜ್ಯೋತ್ಸವದ ದಿನ ಹೇಳುವುದು ಅಪಾಯವೇ ಸರಿ, ಆದರೂ ನಿಜ ಹೇಳಬೇಕು: ಮಿದುಳಿನಲ್ಲಿ ಕನ್ನಡಕ್ಕೆಂದು ಬೇರೆ ಕೋಣೆಯಿಲ್ಲ. ನಾವು ಬಲ್ಲ ಭಾಷೆಗಳೆಲ್ಲ ಬಹುಮಟ್ಟಿಗೆ ಒಂದೇ ಜಾಲವನ್ನು ಹಂಚಿಕೊಂಡಿವೆ. ಮೊದಲು ಕಲಿತದ್ದೇ ಕೊನೆಯವರೆಗೆ ಉಳಿಯುತ್ತದೆಂದು ೧೮೮೧ರಲ್ಲಿ ಫ್ರಾನ್ಸಿನ ರಿಬೋ ಬರೆದರು. ಅಲ್ಲ, ರೋಗಕ್ಕೆ ಮುನ್ನ ಹೆಚ್ಚು ಬಳಕೆಯಲ್ಲಿದ್ದುದೇ ಮೊದಲು ಮರಳುತ್ತದೆಂದು ೧೮೯೫ರಲ್ಲಿ ಅದೇ ದೇಶದ ಪಿತ್ರ್ ಬರೆದರು. ಎಷ್ಟೋ ರೋಗಿಗಳಲ್ಲಿ ಎಲ್ಲ ಭಾಷೆಗಳೂ ಒಟ್ಟಿಗೆ ಮರಳುತ್ತವೆ. ಕೆಲವರಲ್ಲಿ ಒಂದು ಮುಂದೆ, ಒಂದು ಹಿಂದೆ. ಯಾರಲ್ಲಿ ಯಾವುದು ಎಂದು ಮೊದಲೇ ಹೇಳಲಾಗದು. ಆದುದರಿಂದಲೇ ರೋಗಿ ಬಲ್ಲ ಎಲ್ಲ ಭಾಷೆಗಳಲ್ಲಿಯೂ ಪರೀಕ್ಷೆ ನಡೆಯಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡದ ಪರೀಕ್ಷೆಗಳನ್ನು ಸಿದ್ಧಪಡಿಸಿದ್ದಾರೆ. ದಿಲ್ಲಿಯ ವೈದ್ಯರು ಅವನ್ನು ತರಿಸಿಕೊಳ್ಳಬೇಕೆಂದರೆ, ರೋಗಿ ಕನ್ನಡಿಗನೆಂದು ಮೊದಲು ಯಾರಾದರೂ ಅವರಿಗೆ ಹೇಳಬೇಕಷ್ಟೆ.

ಎರಡು ಮೂರು ಭಾಷೆ ಮಗುವಿನ ಮಿದುಳಿಗೆ ಹೊರೆಯಾದೀತೆಂದು ನಮ್ಮಲ್ಲಿ ಕೆಲವು ತಾಯಂದಿರಿಗೆ ಅಂಜಿಕೆಯುಂಟು. ಮನೆಯಲ್ಲಿಯೂ ಹಿಂದಿಗೇ ಇಳಿದುಬಿಡುತ್ತಾರೆ. ಈ ಅಂಜಿಕೆಗೆ ಆಧಾರ ಸಾಲದು. ಗುರುಗ್ರಾಮದ ಆಚೆ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವಿದೆ. ಹಿಂದಿ, ಇಂಗ್ಲಿಷ್ ಎರಡನ್ನೂ ಓದುವವರ ಮಿದುಳನ್ನು ಅಲ್ಲಿ ಯಂತ್ರದಲ್ಲಿ ನೋಡಿ ೨೦೧೧ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಪ್ರಕಾಶ ಪಡಕಣ್ಣಾಯರೂ ಸೇರಿದ್ದರು. ಚಿಕ್ಕಂದಿನಲ್ಲಿ ಎರಡು ಲಿಪಿಗಳನ್ನೂ ಒಟ್ಟಿಗೆ ಕಲಿತವರು ಒಂದೊಂದಕ್ಕೆ ಒಂದೊಂದು ಹಾದಿಯನ್ನು ಹಾಕಿಕೊಂಡಿರುತ್ತಾರೆ. ಎರಡನೆಯದನ್ನು ತಡವಾಗಿ ಕಲಿತವರು ಮೊದಲಿನ ಹಾದಿಯಲ್ಲಿಯೇ ಎರಡನ್ನೂ ನಡೆಸುತ್ತಾರೆ ಎಂಬುದು ಅದರ ಸಾರಾಂಶ. ಇನ್ನು ಮುಪ್ಪಿನ ಮಾತು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿಯವರು ಹಿಂದೆ ಹೈದರಾಬಾದಿನಲ್ಲಿದ್ದಾಗ, ಮರೆಗುಳಿ ರೋಗಕ್ಕೆ ತುತ್ತಾದ ೬೪೮ ಮಂದಿಯನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ವ್ಯತ್ಯಾಸ ಕಂಡಿತು. ಪಾರ್ಶ್ವವಾಯುವಾದ ೬೦೮ ಮಂದಿಯನ್ನು ನೋಡಿ ೨೦೧೬ರಲ್ಲಿ ಬರೆದದ್ದು ಇನ್ನೊಂದು: ಬುದ್ಧಿಶಕ್ತಿ ಮೊದಲಿನಂತೆ ಉಳಿದವರು ಬಹುಭಾಷಿಕರಲ್ಲಿ ನೂರಕ್ಕೆ ೪೦, ಏಕಭಾಷಿಕರಲ್ಲಿ ನೂರಕ್ಕೆ ೨೦. ಮಾತು ಕಳೆದುಕೊಳ್ಳುವುದರಲ್ಲಿ ಮಾತ್ರ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ಬೇರೆ ದೇಶಗಳ ಕೆಲವು ಪರಿಶೀಲನೆಗಳಲ್ಲಿ ಈ ಲಾಭ ಕಂಡಿಲ್ಲ. ವಾದ ಇನ್ನೂ ನಡೆದಿದೆ. ಲಾಭ ಎಷ್ಟೆಂಬುದರಲ್ಲಿ ವಾದವಿರಬಹುದು, ಹಾನಿಯುಂಟೆಂದು ಇವರಾರೂ ಹೇಳಿಲ್ಲ.

ಸಂಘದವರಲ್ಲಿ ಒಂದು ಸಣ್ಣ ಬಿನ್ನಹ. ಕನ್ನಡಿಗ ರೋಗಿಯ ಹಾಸಿಗೆಯ ಪಕ್ಕ ದಿನಕ್ಕೆ ಅರ್ಧ ಗಂಟೆ ಕೂತು ಕನ್ನಡದಲ್ಲಿ ಮಾತನಾಡಬಲ್ಲ ನಾಲ್ಕು ಜನರ ಹೆಸರು ಸಂಘದ ಕಚೇರಿಯಲ್ಲಿರಲಿ. ನಮ್ಮ ಹೆಸರನ್ನು ಮೊದಲು ಬರೆದುಕೊಳ್ಳಿ. ಹಿರಿಯರಿರುವ ಮನೆಗಳವರು, ರಕ್ತದೊತ್ತಡದ ಮಾತ್ರೆಯ ಚೀಟಿಯ ಜೊತೆಗೆ, ಹಿರಿಯರು ಯಾವ ಯಾವ ಭಾಷೆಗಳನ್ನು ಎಷ್ಟೆಷ್ಟು ಬಲ್ಲರೆಂಬುದನ್ನೂ ಒಂದು ಸಾಲು ಬರೆದಿಟ್ಟುಕೊಳ್ಳಿ.

ಗೆಳೆಯರ ವಿಷಯ ಕೇಳುವಿರಾದರೆ, ಬಲಗೈ ಪೂರ್ತಿ ಮರಳಲಿಲ್ಲ. ಕನ್ನಡ ಮೊದಲ ವರ್ಷದಲ್ಲಿ ಬಹುಮಟ್ಟಿಗೆ ಬಂದಿತು. ಹಿಂದಿ ಅದರ ಹಿಂದೆ ಕುಂಟುತ್ತಾ ಬರುತ್ತಿದೆ. ಇಂಗ್ಲಿಷು ಕಚೇರಿಯ ಕಡತಗಳ ಜೊತೆಗೇ ನಿವೃತ್ತವಾದಂತೆ ಕಾಣುತ್ತದೆ. ಸಂಜೆ ಕೋಲೂರಿಕೊಂಡು ಬೀದಿಗಿಳಿದು ತರಕಾರಿ ಗಾಡಿಯ ಮುಂದೆ ನಿಂತು "ಕೊತ್ತಂಬರಿ ಎಷ್ಟಯ್ಯಾ?" ಎನ್ನುತ್ತಾರೆ. ಗಾಡಿಯವನು ಬಿಹಾರದ ಕಡೆಯ ಹುಡುಗ. ಮೊದಮೊದಲು ಮಿಕಿಮಿಕಿ ನೋಡುತ್ತಿದ್ದನು. ಈಗ ಕಟ್ಟನ್ನು ಚೀಲಕ್ಕೆ ಹಾಕಿ, "ಹತ್ತು ರೂಪಾಯಿ, ಅಜ್ಜಾ" ಎನ್ನುತ್ತಾನೆ.